ಗೃಹಾರೋಗ್ಯ: ವಕ್ರಪಾದದ ಶಿಶುವೂ ವಾರವಾರದ ಚಿಕಿತ್ಸಾಲಯವೂ

ಮನೆಯಲ್ಲಿ ಶಿಶು ಜನಿಸಿತೆಂದರೆ ಎಲ್ಲರೂ ಮೊದಲು ನೋಡುವುದು ಅದರ ಮುಖವನ್ನು, ಆ ಬಳಿಕ ಕೈಕಾಲುಗಳನ್ನು. ಹಾಗೆ ನೋಡುವಾಗ ಒಂದು ಪಾದವಾಗಲಿ ಎರಡೂ ಪಾದಗಳಾಗಲಿ ಒಳಮುಖವಾಗಿ ತಿರುಚಿಕೊಂಡು, ಹಿಮ್ಮಡಿಯು ಮೇಲಕ್ಕೆ ಸೆಳೆದುಕೊಂಡು, ಒಂದು ಅಂಗಾಲು ಮತ್ತೊಂದು ಕಾಲಿನತ್ತ ತಿರುಗಿದ್ದರೆ, ಬಾಣಂತಿಯ ಕೋಣೆಯ ಸಂತೋಷವೆಲ್ಲವೂ ಒಂದು ಕ್ಷಣದಲ್ಲಿ ಇಳಿದುಹೋಗುವುದು. ಇದನ್ನು ನಮ್ಮವರು ಸೊಟ್ಟಪಾದ, ವಕ್ರಪಾದ ಎನ್ನುವರು; ವೈದ್ಯರು ಕ್ಲಬ್‌ಫುಟ್ ಎನ್ನುವರು. ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಇದು ಹುಟ್ಟಿನಿಂದಲೇ ಬರುವುದು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಇಮ್ಮಡಿ. ಇಂತಹ ಶಿಶುಗಳಲ್ಲಿ ಅರ್ಧದಷ್ಟಕ್ಕೆ ಎರಡು ಪಾದಗಳೂ ಹಾಗೆಯೇ ಇರುವುವು. ಇಂತಹ ಶಿಶುವನ್ನು ಚಿಕಿತ್ಸಾಲಯಕ್ಕೆ ಮೊದಲ ಸಲ ಒಯ್ಯುವ ಮನೆಯವರು ಏನನ್ನು ನಿರೀಕ್ಷಿಸಬೇಕು, ಏನನ್ನು ಸಿದ್ಧಮಾಡಿಕೊಳ್ಳಬೇಕು ಎಂಬುದನ್ನು ಈ ತಿಂಗಳು ಬರೆಯುವೆವು.

ಎಲ್ಲಕ್ಕೂ ಮೊದಲು ಒಂದು ಮಾತು. ಗರ್ಭಿಣಿಯು ಗ್ರಹಣಕಾಲದಲ್ಲಿ ಹೊರಗೆ ಬಂದಳು, ಕತ್ತರಿ ಹಿಡಿದಳು, ಕಾಲು ಮಡಿಸಿ ಕುಳಿತಳು, ಅದರಿಂದಲೇ ಮಗುವಿನ ಕಾಲು ಹೀಗಾಯಿತು ಎಂದು ಆಡುವ ನಾಲಗೆಗಳು ಇಂದಿಗೂ ನಮ್ಮ ಮನೆಗಳಲ್ಲಿ ಉಂಟು. ಇದು ಸುಳ್ಳು. ವಕ್ರಪಾದದ ಕಾರಣವು ಪೂರ್ಣವಾಗಿ ತಿಳಿದಿಲ್ಲವಾದರೂ, ವಂಶಪಾರಂಪರ್ಯಕ್ಕೆ ಅದರಲ್ಲಿ ಪಾತ್ರವುಂಟೆಂದು ತಿಳಿದಿದೆ. ತಾಯಿಯು ಮಾಡಿದ ಯಾವ ತಪ್ಪಿಗೂ ಇದು ಫಲವಲ್ಲ. ಹೆರಿಗೆಯಾಗಿ ನಾಲ್ಕು ದಿನವೂ ಆಗದ ಹೆಂಗಸಿನ ತಲೆಯ ಮೇಲೆ ಈ ಹೊರೆಯನ್ನು ಹೊರಿಸುವುದು ನಿರ್ದಯತೆ. ಅಷ್ಟೇ ಅಲ್ಲ, ಮುಂದಿನ ನಾಲ್ಕೈದು ವರ್ಷಗಳ ಚಿಕಿತ್ಸೆಯನ್ನು ಸಾಗಿಸಬೇಕಾದವಳು ಆಕೆಯೇ ಆದುದರಿಂದ, ಅವಿವೇಕವೂ ಅಹುದು.

ಈ ಪಾದವನ್ನು ಸರಿಪಡಿಸಬಹುದೆಂಬುದು ಹೊಸ ಮಾತಲ್ಲ. ಗ್ರೀಸಿನ ಹಿಪ್ಪೋಕ್ರಟೀಸನ ಕಾಲದಲ್ಲಿಯೇ ಎಳೆಯ ಪಾದವನ್ನು ಕೈಯಿಂದ ತಿದ್ದಿ ಬಟ್ಟೆಯಿಂದ ಕಟ್ಟುವ ಕ್ರಮವಿತ್ತು. ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗಳು ರೂಢಿಗೆ ಬಂದುವು. ಆದರೆ ಹಾಗೆ ಕೊಯ್ದು ಸರಿಪಡಿಸಿದ ಪಾದಗಳು ಎಷ್ಟೋ ಜನರಲ್ಲಿ ವಯಸ್ಸಾದಂತೆ ಬಿಗಿದು ನೋಯತೊಡಗಿದುವು. ಸ್ಪೇನ್ ದೇಶದ ಮೆನೋರ್ಕಾ ದ್ವೀಪದಲ್ಲಿ ೧೯೧೪ರಲ್ಲಿ ಹುಟ್ಟಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡಿದ ಡಾಕ್ಟರ್ ಇಗ್ನೇಸಿಯೋ ಪೊನ್ಸೆಟಿಯವರು ಇದನ್ನು ಕಂಡು, ೧೯೪೦ರ ದಶಕದ ಕೊನೆಯಲ್ಲಿ ಬೇರೊಂದು ಕ್ರಮವನ್ನು ರೂಪಿಸಿದರು. ಎಳೆಯ ಶಿಶುವಿನ ಪಾದದ ಕಟ್ಟುಗಳು ಮೆತುವು. ಅವನ್ನು ವಾರವಾರವೂ ಮೆಲ್ಲಗೆ ಹಿಗ್ಗಿಸಿ, ಪ್ಲಾಸ್ಟರಿನಲ್ಲಿ ಹಿಡಿದಿಟ್ಟರೆ ಪಾದವು ತಾನಾಗಿಯೇ ದಾರಿಗೆ ಬರುವುದೆಂಬುದೇ ಅದರ ಸಾರ. ಲೋಕವು ಬಹುಕಾಲ ಇದನ್ನು ಗಮನಿಸಲಿಲ್ಲ. ೧೯೯೬ರಲ್ಲಿ ಅವರ ಗ್ರಂಥವು ಪ್ರಕಟವಾದ ಮೇಲೆ ಇದು ದೇಶದೇಶಗಳಿಗೂ ಹರಡಿತು. ಅವರು ೨೦೦೯ರಲ್ಲಿ ತೀರಿಕೊಂಡರು. ಇಂದು ನಮ್ಮಲ್ಲಿಯೂ ಇದೇ ಕ್ರಮವು ನಡೆಯುತ್ತಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವಕ್ರಪಾದವೂ ಸೇರಿರುವುದರಿಂದ, ಅದರ ಮೂಲಕ ಹೋದ ಶಿಶುವಿಗೆ ಚಿಕಿತ್ಸೆಯು ಉಚಿತ. ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ ಅಂಗನವಾಡಿಯವರನ್ನಾಗಲಿ ಕೇಳಿದರೆ ದಾರಿ ತೋರಿಸುವರು.

ಯಾವಾಗ ಹೋಗಬೇಕು? ಜನಿಸಿದ ಮೊದಲ ಎರಡು ವಾರಗಳೊಳಗೆ ಆದರೆ ಉತ್ತಮ. ಇಲ್ಲಿಯೇ ನಮ್ಮ ಮನೆಗಳ ತೊಡಕು. ಹಸಿ ಬಾಣಂತಿಯು ಹೊಸಿಲು ದಾಟಬಾರದು, ನಾಮಕರಣವಾಗಲಿ, ಮೂರು ತಿಂಗಳು ಕಳೆಯಲಿ, ಅಷ್ಟರಲ್ಲಿ ಎರೆಯುವ ಮುದುಕಿಯು ಎಣ್ಣೆ ನೀವಿ ನೆಟ್ಟಗೆ ಮಾಡಿಯಾಳು ಎಂದು ಹಿರಿಯರು ಹೇಳುವರು. ಅವರ ಕಾಳಜಿಯನ್ನು ನಾವು ಹಳಿಯುವುದಿಲ್ಲ. ಆದರೆ ನಿಜವಾದ ವಕ್ರಪಾದವು ಎಣ್ಣೆಗೆ ಬಗ್ಗುವುದಿಲ್ಲ. ಗರ್ಭದಲ್ಲಿ ಮಡಿಸಿಕೊಂಡಿದ್ದುದರಿಂದ ಸುಮ್ಮನೆ ವಾಲಿದ ಪಾದಗಳೂ ಉಂಟು, ಅವು ಸುಲಭವಾಗಿ ಸರಿಹೋಗುವುವು. ಯಾವುದು ಯಾವುದೆಂದು ತಿಳಿಯುವವರು ವೈದ್ಯರು. ಬಾಣಂತಿಗೆ ಬಳಲಿಕೆಯಿದ್ದರೆ ಮೈತುಂಬ ಹೊದಿಸಿ ವಾಹನದಲ್ಲಿ ಕರೆದೊಯ್ಯಿರಿ. ಮೊಲೆಯುಣ್ಣುವ ಕೂಸಿಗೆ ತಾಯಿಯು ಜೊತೆಯಲ್ಲಿ ಇರಲೇಬೇಕು. ಇನ್ನು, ಈಗಾಗಲೇ ತಡವಾದವರು ನಿರಾಶರಾಗತಕ್ಕದ್ದಿಲ್ಲ. ನಡೆಯಲು ಕಲಿತ ಮಕ್ಕಳಿಗೂ ಈ ಕ್ರಮದಿಂದ ಪ್ರಯೋಜನವಾಗುವುದುಂಟು. ಕೆಲಸವು ಕಷ್ಟತರವಾಗುವುದು, ಅಷ್ಟೆ.

ಇಂತಹ ಚಿಕಿತ್ಸಾಲಯಗಳು ಸಾಮಾನ್ಯವಾಗಿ ವಾರದಲ್ಲಿ ಒಂದು ಗೊತ್ತಾದ ದಿನ ನಡೆಯುವುವು. ಮೊದಲ ಭೇಟಿಗೆ ಅರ್ಧ ದಿನವನ್ನಾದರೂ ತೆಗೆದಿಡಿರಿ. ತಾಯಿ ಕಾರ್ಡು, ಹೆರಿಗೆಯಾದ ಆಸ್ಪತ್ರೆಯ ಕಾಗದಗಳು, ಎರಡು ಮೂರು ಜೊತೆ ಬಟ್ಟೆ, ದಪ್ಪ ಪ್ಲಾಸ್ಟರಿನ ಮೇಲೆ ಸುತ್ತಲು ಅಗಲವಾದ ಹಳೆಯ ಪಂಚೆಯ ತುಂಡು, ಇವಿಷ್ಟನ್ನು ಒಯ್ಯಬೇಕು. ವೈದ್ಯರು ಪಾದವನ್ನು ಮಾತ್ರವಲ್ಲ, ಬೆನ್ನು, ಸೊಂಟದ ಕೀಲು, ಕೈಗಳು ಎಲ್ಲವನ್ನೂ ನೋಡುವರು. ಇತರ ತೊಂದರೆಯೇನಾದರೂ ಉಂಟೇ ಎಂದು ತಿಳಿಯುವುದಕ್ಕಾಗಿ ಇದು ಅಗತ್ಯ, ಗಾಬರಿಪಡಬೇಡಿರಿ. ಸಾಧ್ಯವಾದರೆ ತಂದೆಯೂ ಮನೆಯ ಹಿರಿಯ ಹೆಂಗಸೂ ಜೊತೆಗೆ ಹೋಗಲಿ. ಚಿಕಿತ್ಸೆಯ ಮರ್ಮವನ್ನು ತಮ್ಮ ಕಿವಿಯಿಂದ ಕೇಳಿದ ಅಜ್ಜಿಯು ಮನೆಗೆ ಬಂದ ಮೇಲೆ ಸೊಸೆಗೆ ಬೆಂಬಲವಾಗುವಳು. ಕೇಳದವಳು ಪ್ರತಿದಿನವೂ ಅಡ್ಡಿಯಾಗುವಳು.

ಬಹುಶಃ ಅದೇ ದಿನ ಮೊದಲ ಪ್ಲಾಸ್ಟರು ಬೀಳುವುದು. ವೈದ್ಯರು ಪಾದವನ್ನು ಬೆರಳುಗಳಿಂದ ಹಿಡಿದು ಸ್ವಲ್ಪ ಹೊತ್ತು ಮೆಲ್ಲಗೆ ತಿದ್ದುವರು. ಮತ್ತೊಬ್ಬರು ಹತ್ತಿಯನ್ನು ಸುತ್ತಿ, ಮೊಣಕಾಲನ್ನು ಮಡಿಸಿ, ಬೆರಳುಗಳಿಂದ ತೊಡೆಯ ಮೇಲ್ಭಾಗದವರೆಗೆ ಕಟ್ಟು ಹಾಕುವರು. ಇದಕ್ಕೆ ಮತ್ತು ಬರಿಸುವ ಔಷಧ ಬೇಕಿಲ್ಲ. ಕೂಸು ಅಳುವುದು, ಹೆಚ್ಚಾಗಿ ಹಿಡಿದಿಡುವರೆಂಬ ಸಿಟ್ಟಿನಿಂದ. ಆದುದರಿಂದ ಸರದಿ ಬರುವ ಮೊದಲೇ ಹೊಟ್ಟೆತುಂಬ ಹಾಲೂಡಿಸದೆ, ಪ್ಲಾಸ್ಟರು ಹಾಕುವ ಹೊತ್ತಿಗೆ ಸರಿಯಾಗಿ ಊಡಿಸಿದರೆ ಅದು ಹಾಲಿನಲ್ಲಿಯೇ ಮಗ್ನವಾಗಿರುವುದು. ಹೀಗೆ ವಾರಕ್ಕೊಂದರಂತೆ ಐದಾರು ಕಟ್ಟುಗಳಾಗುವುವು. ಪ್ರತಿಸಲವೂ ಪಾದವು ಸ್ವಲ್ಪ ಹೊರಕ್ಕೆ ತಿರುಗಿರುವುದನ್ನು ತಾಯಿಯೇ ಕಾಣಬಹುದು. ಒಂದು ವಾರ ತಪ್ಪಿದರೂ ಗಳಿಸಿದ್ದು ಹಿಂಜರಿಯುವ ಭಯವುಂಟು; ಹಬ್ಬ, ಮದುವೆ, ಜಾತ್ರೆಗಳನ್ನು ಈ ದಿನಕ್ಕೆ ಅಡ್ಡ ತರಬಾರದು.

ಮನೆಯಲ್ಲಿ ಎಚ್ಚರವಿರಬೇಕಾದುದು ಬೆರಳುಗಳ ಮೇಲೆ. ಮೊದಲ ದಿನ ಆಗಾಗ, ಆಮೇಲೆ ದಿನಕ್ಕೆ ಕೆಲವು ಸಲ, ಕಾಲ್ಬೆರಳನ್ನು ಒತ್ತಿ ಬಿಡಿರಿ. ಬಿಳುಪಾಗಿ ಒಡನೆಯೇ ಕೆಂಪೇರಿದರೆ ಕ್ಷೇಮ. ಬೆರಳುಗಳು ನೀಲಿಗಟ್ಟಿದರೆ, ತಣ್ಣಗಾದರೆ, ಊದಿದರೆ, ಇಲ್ಲವೇ ಪ್ಲಾಸ್ಟರು ಜಾರಿ ಬೆರಳುಗಳೇ ಒಳಕ್ಕೆ ಸೇರಿ ಕಾಣದಂತಾದರೆ, ವಾರ ತುಂಬಲೆಂದು ಕಾಯದೆ ಕೂಡಲೇ ಹೋಗಬೇಕು. ದುರ್ವಾಸನೆ, ಜ್ವರ, ಏನು ಮಾಡಿದರೂ ನಿಲ್ಲದ ಅಳು, ಇವೂ ಹಾಗೆಯೇ. ಈ ವಾರಗಳಲ್ಲಿ ಎಣ್ಣೆನೀರಿನ ಸ್ನಾನವಿಲ್ಲ. ಒದ್ದೆಬಟ್ಟೆಯಿಂದ ಮೈ ಒರೆಸಿದರೆ ಸಾಕು. ನೀರು ಬಿದ್ದರೆ ಪ್ಲಾಸ್ಟರು ಕೆಡುವುದು. ಎರೆಯದೆ ಕೂಸು ಬೆಳೆಯದು ಎಂದು ಅಜ್ಜಿಯರು ಮರುಗಿಯಾರು. ಎರಡು ತಿಂಗಳ ಮಾತು, ಆಮೇಲೆ ಬೇಕಾದಷ್ಟು ಎರೆಯಲಿ.

ಪಾದವು ಹೊರಕ್ಕೆ ತಿರುಗಿದ ಮೇಲೆಯೂ ಬಹುಪಾಲು ಶಿಶುಗಳಲ್ಲಿ ಹಿಮ್ಮಡಿಯು ಕೆಳಕ್ಕಿಳಿಯದೆ ನಿಲ್ಲುವುದು. ಆಗ ಹಿಮ್ಮಡಿಯ ಮೇಲಿನ ಬಿಗಿಯಾದ ಸ್ನಾಯುರಜ್ಜುವನ್ನು ಸಣ್ಣದೊಂದು ಗಾಯದ ಮೂಲಕ ಕತ್ತರಿಸುವರು. ಕತ್ತರಿಸುವುದೆಂಬ ಮಾತು ಕೇಳಿ ಎಷ್ಟೋ ತಾಯಂದಿರು ಇಲ್ಲಿಂದಲೇ ಹಿಂದಿರುಗುವರು. ಆ ಜಾಗವನ್ನು ಮಾತ್ರ ಮರಗಟ್ಟಿಸಿ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸವಿದು. ಬಳಿಕ ಮೂರು ವಾರಗಳ ಕೊನೆಯ ಪ್ಲಾಸ್ಟರಿನೊಳಗೆ ರಜ್ಜುವು ಬೇಕಾದ ಉದ್ದಕ್ಕೆ ತಾನೇ ಬೆಳೆದು ಕೂಡಿಕೊಳ್ಳುವುದು.

ಆ ಪ್ಲಾಸ್ಟರು ಬಿಚ್ಚಿದ ದಿನ ಮನೆಯವರಿಗೆ ಹಬ್ಬ. ಪಾದವು ಎಲ್ಲರ ಪಾದದಂತೆ ನೆಟ್ಟಗಿರುವುದು. ನಮ್ಮ ಅಭಿಪ್ರಾಯದಲ್ಲಿ ಇಡೀ ಚಿಕಿತ್ಸೆಯ ಅತ್ಯಂತ ಅಪಾಯದ ದಿನವೂ ಅದೇ. ಏಕೆಂದರೆ ಎಲ್ಲವೂ ಮುಗಿಯಿತೆಂದು ಅನಿಸುವುದು. ನಿಜವಾಗಿ ಅರ್ಧ ಮಾತ್ರ ಮುಗಿದಿರುವುದು. ಆ ದಿನವೇ ಎರಡು ಚಿಕ್ಕ ಬೂಟುಗಳನ್ನು ಒಂದು ಅಡ್ಡಪಟ್ಟಿಗೆ ಜೋಡಿಸಿ ಕೊಡುವರು. ಮೊದಲ ಮೂರು ತಿಂಗಳು ದಿನಕ್ಕೆ ೨೩ ಗಂಟೆ ಅದು ಕಾಲಿನಲ್ಲಿರಬೇಕು. ಉಳಿದ ಒಂದು ಗಂಟೆ ಸ್ನಾನಕ್ಕೆ. ಆಮೇಲೆ ರಾತ್ರಿಯೂ ಹಗಲು ನಿದ್ದೆಯಲ್ಲಿಯೂ ಸೇರಿ ೧೨ರಿಂದ ೧೪ ಗಂಟೆ, ನಾಲ್ಕೈದು ವರ್ಷ ವಯಸ್ಸಾಗುವವರೆಗೆ. ಪಾದವು ಮರಳಿ ತಿರುಚುವುದಕ್ಕೆ ಮುಖ್ಯ ಕಾರಣ ಈ ಬೂಟುಗಳನ್ನು ಬಿಡುವುದೇ.

ನಾವು ಬಲ್ಲ ಒಂದು ಮನೆಯಲ್ಲಿ ನಡೆದುದನ್ನು ಹೇಳುವೆವು. ಮಗುವಿಗೆ ಎರಡು ವರ್ಷ, ಓಡಾಡುತ್ತಿತ್ತು. ಕಾಲು ಚೆನ್ನಾಗಿಯೇ ಇರುವಾಗ ರಾತ್ರಿಯೆಲ್ಲ ಈ ಬೇಡಿಯೇಕೆಂದು ಅಜ್ಜನು ಕರುಣೆಯಿಂದ ಬೂಟು ಬಿಚ್ಚಿಸಿದನು. ಸೊಸೆಯು ಎದುರಾಡಲಾರದೆ ಸುಮ್ಮನಾದಳು. ಕೆಲವು ತಿಂಗಳುಗಳಲ್ಲಿ ಮಗು ಪಾದದ ಹೊರ ಅಂಚಿನ ಮೇಲೆ ಹೆಜ್ಜೆಯಿಡತೊಡಗಿತು. ಪುನಃ ಪ್ಲಾಸ್ಟರುಗಳು, ಪುನಃ ಬಸ್ಸಿನ ಪ್ರಯಾಣಗಳು. ಈ ಸಲ ಅದಕ್ಕೆ ತಿಳಿವಳಿಕೆ ಬಂದಿದ್ದುದರಿಂದ ಆಸ್ಪತ್ರೆಯ ಬಾಗಿಲು ಕಂಡೊಡನೆಯೇ ಅಳು. ಈಗ ರಾತ್ರಿ ಬೂಟು ತೊಡಿಸುವವನು ಆ ಅಜ್ಜನೇ. ಪಟ್ಟಿಯನ್ನು ಬಿಗಿಯುವಾಗ ಆತನ ಕಣ್ಣು ಇನ್ನೂ ತೇವವಾಗುವುದೆಂದು ಮನೆಯವರು ಹೇಳುವರು. ಆದರೆ ಒಂದು ರಾತ್ರಿಯೂ ತಪ್ಪಿಸಿಲ್ಲ.

ಬೂಟು ತೊಡಿಸಿದ ಮೊದಲ ಕೆಲವು ದಿನ ಕೂಸು ಪ್ರತಿಭಟಿಸುವುದು. ಅತ್ತೊಡನೆ ಬಿಚ್ಚಿದರೆ, ಅತ್ತರೆ ಬಿಚ್ಚುವರೆಂಬ ಪಾಠವನ್ನು ಅದು ಕಲಿಯುವುದು. ಅಳುವು ಹೊಸದಾಗಿದ್ದರೆ ಹುಣ್ಣೋ ಕೆಂಪೋ ಉಂಟೇ ಎಂದು ನೋಡಿ, ಇಲ್ಲವಾದರೆ ಎರಡು ಕಾಲನ್ನೂ ಜೊತೆಯಾಗಿ ಮಡಿಸಿ ಚಾಚಿ ಆಡಿಸಿರಿ. ಕಾಲುಗಳನ್ನು ಒಟ್ಟಿಗೆ ಒದೆಯುವುದನ್ನು ಅದು ಬೇಗ ಕಲಿಯುವುದು. ಬೂಟಿನೊಳಗೆ ಹತ್ತಿಯ ಕಾಲುಚೀಲವಿರಲಿ. ಗುಳ್ಳೆಯೆದ್ದರೆ ಬೂಟು ಸಡಿಲವಾಗಿ ಹಿಮ್ಮಡಿ ಜಾರುತ್ತಿರುವುದೇ ಹೆಚ್ಚಾಗಿ ಕಾರಣ. ಬೂಟನ್ನು ಬಿಡುವ ಬದಲು ಚಿಕಿತ್ಸಾಲಯದವರಿಗೆ ತೋರಿಸಿರಿ. ಹಲ್ಲುಜ್ಜುವಂತೆ, ದೀಪ ಹಚ್ಚುವಂತೆ, ಮಲಗುವ ಮೊದಲಿನ ನಿತ್ಯಕರ್ಮಗಳಲ್ಲಿ ಇದೂ ಒಂದಾದರೆ ಮಗುವಿಗೂ ಮನೆಗೂ ಹೊರೆಯಾಗದು.

ಚಿಕಿತ್ಸೆ ಪಡೆಯದ ವಕ್ರಪಾದದವನು ಪಾದದ ಅಂಚಿನ ಮೇಲೆ, ಕೆಲವೊಮ್ಮೆ ಮೇಲ್ಮೈಯ ಮೇಲೆಯೇ ನಡೆಯುವನು; ಚರ್ಮವು ಜಡ್ಡುಗಟ್ಟಿ ನೋಯುವುದು, ಚಪ್ಪಲಿ ಹಿಡಿಸದು, ಶಾಲೆಯ ದಾರಿ ದೂರವಾಗುವುದು. ಚಿಕಿತ್ಸೆ ಪೂರ್ಣವಾದವನ ಕಾಲಿನ ಮೀನಖಂಡವು ತುಸು ತೆಳುವಾಗಿರಬಹುದು, ಪಾದವು ತುಸು ಚಿಕ್ಕದಿರಬಹುದು. ಆದರೆ ಅವನು ಓಡುವನು, ಮರ ಹತ್ತುವನು, ಗದ್ದೆಯ ಬದುವಿನ ಮೇಲೆ ನಡೆಯುವನು. ಈ ಎರಡು ಬಾಳುಗಳ ನಡುವೆ ಇರುವುದು ಐದಾರು ಪ್ಲಾಸ್ಟರುಗಳು ಮತ್ತು ಮನೆಯವರ ನಾಲ್ಕೈದು ವರ್ಷಗಳ ರಾತ್ರಿಗಳು. ಮೊದಲನೆಯದನ್ನು ವೈದ್ಯರು ಮಾಡುವರು. ಎರಡನೆಯದು ನಮ್ಮ ವಾಚಕರ ಕೈಯಲ್ಲಿದೆ.