ಗಾಯಗೊಂಡು ಓಡಿದ್ದರ ಲೆಕ್ಕ

ಬೇಟೆಯ ಮಾತು ಬಂದರೆ ಹೆಂಗಸರು ಎದ್ದು ಒಳಗೆ ಹೋಗಬೇಕೆಂಬುದು ನಮ್ಮ ಮಲೆನಾಡಿನ ಮನೆಯಲ್ಲಿ ಯಾರೂ ಹೇಳದೆಯೇ ಇದ್ದ ನಿಯಮ. ಜಗಲಿಯಲ್ಲಿ ಗಂಡಸರು ಕೋವಿ, ತೋಟಾ, ಚರೆ ಎಂದು ನಡುರಾತ್ರಿಯವರೆಗೆ ಹರಟುತ್ತಿದ್ದರು. ನಾವು ಕಾಫಿ ಕೊಟ್ಟು ಬರಬೇಕು, ಅಷ್ಟೆ. ಮದುವೆಮನೆಗಳಲ್ಲಿ ಆ ಶಿಕಾರಿ ಕಥೆಗಳು ಇವತ್ತಿಗೂ ಮುಗಿದಿಲ್ಲ. ಯಾವ ರೈಫಲ್ಲಿನ ಗುಂಡು ಎಷ್ಟು ದೂರ ಹೋಗುತ್ತದೆಂದು ಕಾಡನ್ನೇ ಕಾಣದ ಹುಡುಗರೂ ವಾದಿಸುತ್ತಾರೆ. ನಾನು ಬಾಯಿ ಹಾಕಿದರೆ, "ಅತ್ತೆ, ಅದೆಲ್ಲ ನಿಮಗೆ ಗೊತ್ತಾಗೋದಿಲ್ಲ ಬಿಡಿ" ಎನ್ನುತ್ತಾರೆ. ಗೊತ್ತಿರಬೇಕಾದದ್ದು ನಮಗೇ ಎಂಬುದು ನನ್ನ ವಾದ.

1972ರ ವನ್ಯಜೀವಿ ಕಾಯಿದೆ ಇನ್ನೂ ಬಂದಿರಲಿಲ್ಲ. ನಾನು ಆಗ ಎಂಟು ವರ್ಷದವಳು. ದೊಡ್ಡಪ್ಪ ಒಂದು ಸಂಜೆ ಕಾಡುಹಂದಿಗೆ ಈಡು ಹೊಡೆದು ಬಂದರು. 80 ಗಜ ದೂರದಿಂದ ಹೊಡೆದೆನೆಂಬ ಹೆಮ್ಮೆ ಬೇರೆ. ಅಜ್ಜಿ ಒಳಗಿನಿಂದಲೇ ಕೇಳಿದಳು: "ಬಿತ್ತೇನೋ?"

"ಇಲ್ಲಮ್ಮ. ಏಟಂತೂ ತಗುಲಿದೆ, ರಕ್ತ ಕಂಡಿತು. ಕತ್ತಲಾಯಿತು ಅಂತ ಬಂದುಬಿಟ್ಟೆ."

"ನಾಳೆ ಸೊಪ್ಪಿಗೆ ಹೋಗುವವರು ಯಾರು, ನೀನಾ?"

ಜಗಲಿಯಲ್ಲಿ ನಗು ಎದ್ದಿತು. ಮರುದಿನ ಬೆಳಿಗ್ಗೆ ಸೊಪ್ಪಿನ ಬೆಟ್ಟದಲ್ಲಿ ನಮ್ಮ ಮನೆಯ ಕೆಲಸದಾಕೆಯ ತೊಡೆಯನ್ನು ಆ ಹಂದಿ ಸೀಳಿತು. ಆಕೆ ಬದುಕಿದಳು, ಆದರೆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಊರೆಲ್ಲ ಹಂದಿ ಹಾಯಿತು ಎಂದಿತು. ದೊಡ್ಡಪ್ಪನ ಹೆಸರನ್ನು ಯಾರೂ ಎತ್ತಲಿಲ್ಲ.

ದೊಡ್ಡಪ್ಪ ಹೊಡೆದದ್ದು ಎಲ್.ಜಿ. ತೋಟಾ. ಅದರೊಳಗಿನ ಬೆರಳೆಣಿಕೆಯ ದಪ್ಪ ಚರೆಗಳು ಹತ್ತಿರದಲ್ಲಿ ಒಟ್ಟಾಗಿ ಬಡಿಯುತ್ತವೆ. ದೂರ ಹೆಚ್ಚಿದಷ್ಟೂ ಚದುರುತ್ತವೆ. 80 ಗಜಕ್ಕೆ ಹೋದರೆ ಒಂದೆರಡು ತಗುಲುವುದೇ ಪುಣ್ಯ. ಅಷ್ಟಕ್ಕೆ ಹಂದಿ ಸಾಯುವುದಿಲ್ಲ, ಕೆರಳುತ್ತದೆ.

ರೈಫಲ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರಿದ್ದಾರೆ. ಅದೂ ಅರ್ಧ ಸತ್ಯ. ಬೇಟೆಯ ರೈಫಲ್ ಗುಂಡಿಗೆ ಮೃದುವಾದ ಮೂತಿ ಇರುತ್ತದೆ. ಮೈಗೆ ಹೊಕ್ಕ ಮೇಲೆ ಅದು ಅಣಬೆಯಂತೆ ಅರಳಿ ಒಳಗಿನ ಅಂಗಗಳನ್ನು ಹರಿಯಬೇಕು. ತೀರ ಹತ್ತಿರದಿಂದ ಹೊಡೆದರೆ ವೇಗ ಹೆಚ್ಚಾಗಿ, ತೆಳು ಕವಚದ ಗುಂಡು ಭುಜದ ಮೂಳೆಯ ಮೇಲೇ ಪುಡಿಯಾಗಬಹುದು. ತೀರ ದೂರವಾದರೆ ವೇಗ ಕುಂದಿ, ಗಟ್ಟಿ ಗುಂಡು ಅರಳದೆ ಸೂಜಿಯಂತೆ ತೂರಿ ಹೋಗಬಹುದು. ಅದಲ್ಲದೆ ಗುಂಡು ಹಾರುವಾಗಲೇ ಕೆಳಗಿಳಿಯುತ್ತಿರುತ್ತದೆ, ದೂರ ಹೆಚ್ಚಾದಂತೆ ಇಳಿಯುವುದೂ ಹೆಚ್ಚು. ಎದೆಗೆ ಹಿಡಿದ ಗುರಿ ಕಾಲಿಗೆ ತಗುಲಲು ಅಷ್ಟು ಸಾಕು. ಆದ್ದರಿಂದ ಗುಂಡು ಎಷ್ಟು ದೂರ ಹೋಗುತ್ತದೆ ಎನ್ನುವುದು ಮೊದಲ ಪ್ರಶ್ನೆಯಲ್ಲ. ಎಷ್ಟು ದೂರದವರೆಗೆ ಅದು ಖಚಿತವಾಗಿ ಕೊಲ್ಲುತ್ತದೆ ಎನ್ನುವುದು ಮೊದಲ ಪ್ರಶ್ನೆ. ಆ ಗೆರೆಯಾಚೆ ಕುದುರೆ ಎಳೆಯದಿರುವವನೇ ಬೇಟೆಗಾರ. ಉಳಿದವರು ಸದ್ದು ಮಾಡುವವರು.

ಕುಮಾವೋಂ ಬೆಟ್ಟಗಳ ಚಂಪಾವತದ ಹುಲಿಯ ಕಥೆ ಕೇಳಿದ್ದೀರಲ್ಲ? ನೇಪಾಳದಲ್ಲಿ 200, ಕುಮಾವೋಂನಲ್ಲಿ 234, ಒಟ್ಟು 434 ಜನರನ್ನು ಕೊಂದ ಮೇಲೂ ಅದು ನಿಲ್ಲಲಿಲ್ಲ ಎಂದು ಲೆಕ್ಕವಿದೆ. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಕೊಂದು ಬಾಯಿ ತೆರೆದು ನೋಡಿದರೆ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡಕ್ಕೆ. ಅದು ಹಳೆಯ ಗುಂಡೇಟಿನ ಗಾಯ. ಕಾಡಿನ ಪ್ರಾಣಿಯನ್ನು ಹಿಡಿಯಲಾಗದೆ ಹೆಣ್ಣುಹುಲಿ ಮನುಷ್ಯರ ಕಡೆ ತಿರುಗಿತೆಂದು ಅವನೇ ಬರೆದಿದ್ದಾನೆ. ಅದರ ಕೊನೆಯ ಬಲಿ ಮರದಡಿ ಒಣಪುಳ್ಳೆ ಆರಿಸುತ್ತಿದ್ದ ಹದಿಹರೆಯದ ಹುಡುಗಿ. ಹೊಡೆದು ಹಿಂಬಾಲಿಸದೆ ಮನೆಗೆ ಹೋದ ಆ ಮಹಾಶಯನ ಹೆಸರು ಯಾವ ಪುಸ್ತಕದಲ್ಲಿದೆ? ಹುಲಿಯನ್ನು ಮಾತ್ರ ರಾಕ್ಷಸಿ ಎಂದೆವು.

"ಗುರಿ ತಪ್ಪುವುದು ಸಹಜ, ಅದಕ್ಕೂ ಕಾನೂನು ಮಾಡಲಾಗುತ್ತದೆಯೇ?" ಎಂದು ಕೇಳುತ್ತಾರೆ. ಆಗುತ್ತದೆ. ನಾರ್ವೆಯಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಅರಳುವ ಗುಂಡೇ ಆಗಬೇಕು. 9 ಗ್ರಾಂ ತೂಕದ ಗುಂಡಾದರೆ 100 ಮೀಟರಿನಲ್ಲಿ ಅದಕ್ಕೆ 2700 ಜೌಲ್ ಶಕ್ತಿ ಉಳಿದಿರಬೇಕು. ಬೇಟೆಗಾರ ಪ್ರತಿವರ್ಷ ಗುರಿಪರೀಕ್ಷೆಯಲ್ಲಿ ಪಾಸಾಗಬೇಕು. ಗಾಯಗೊಂಡು ಓಡಿದ ಪ್ರಾಣಿಯನ್ನು ಹುಡುಕಲು ತರಬೇತಾದ ನಾಯಿ ಸಿಗುವ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಂಡಿರಬೇಕು. ನನ್ನ ಅಜ್ಜಿ ಕೇಳಿದ ಪ್ರಶ್ನೆಯನ್ನೇ ಅಲ್ಲಿ ಸರ್ಕಾರ ಕೇಳುತ್ತಿದೆ.

ನಮ್ಮಲ್ಲಿ ಶಿಕಾರಿಯ ಕಾಲ ಮುಗಿಯಿತು, ಒಳ್ಳೆಯದೇ ಆಯಿತು. ಆದರೆ ಅದರ ಜಂಬ ಮುಗಿದಿಲ್ಲ. ಮುಂದಿನ ಸಲ ನಿಮ್ಮ ಮನೆಯ ಜಗಲಿಯಲ್ಲಿ ಯಾರಾದರೂ ದೂರದ ಈಡಿನ ಕಥೆ ಹೇಳಿದರೆ ಒಳಗೆ ಹೋಗಬೇಡಿ. ಕಾಫಿ ಲೋಟ ಕೈಯಲ್ಲೇ ಹಿಡಿದು ನಿಂತು ಕೇಳಿ: "ಬಿತ್ತೇ? ಇಲ್ಲದಿದ್ದರೆ, ಮರುದಿನ ಆ ಕಾಡಿಗೆ ಸೊಪ್ಪಿಗೆ ಹೋದವರು ಯಾರು?"