ಸುಮ್ಮನಿರುವ ಬಾಣಂತಿ

ಬಾಣಂತಿ ಚೀರಾಡಿದರೆ, ಬಡಬಡಿಸಿದರೆ ನಮ್ಮ ಕಡೆ ಅದಕ್ಕೊಂದು ಹೆಸರಿದೆ: ಸನ್ನಿ. ಮನೆಮಂದಿ ಗಾಬರಿಯಾಗುತ್ತಾರೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗಾದರೂ ಕರೆದೊಯ್ಯುತ್ತಾರೆ. ಆದರೆ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡು ಮಲಗಿ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದೆ, ಬೆಳಗಾದರೆ ಸುಮ್ಮನೆ ಎದ್ದು ಕೆಲಸಕ್ಕೆ ಹೋಗುವವಳ ಸಂಕಟಕ್ಕೆ ಹೆಸರೇ ಇಲ್ಲ. ಬಹಳವಾದರೆ ‘ಗಾಳಿ ಸೋಕೈತಿ’ ಅಂತಾರೆ. ಸನ್ನಿ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ವೈದ್ಯರು ‘ಹೆರಿಗೆಯ ನಂತರದ ಖಿನ್ನತೆ’ ಎನ್ನುವ ಈ ಸುಮ್ಮನಿರುವ ಸಂಕಟ ಹಾಗಲ್ಲ: ಭಾರತದ 38 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಪರಾಮರ್ಶೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಲೆಕ್ಕ, ನೂರಕ್ಕೆ 22.

ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಲಂಬಾಣಿ ತಾಂಡಾಗಳಲ್ಲಿ ಈ ಸಂಕಟಕ್ಕೆ ಗುಳೆಯೂ ಸೇರಿಕೊಳ್ಳುತ್ತದೆ. ಕಬ್ಬಿನ ಗದ್ದೆ, ಕಾಫಿ ತೋಟ, ಮಂಗಳೂರು, ಗೋವಾದ ಕಟ್ಟಡಗಳು. ಕೂಸು ಎಷ್ಟು ತಿಂಗಳದ್ದು ಎಂದು ಮೇಸ್ತ್ರಿ ಕೇಳುವುದಿಲ್ಲ, ಮುಂಗಡ ಕೊಟ್ಟಾಗಿರುತ್ತದೆ. ಹೊರಸಿನ ಕೆಳಗೆ ಕೆಂಡ ಇಟ್ಟು, ಎಣ್ಣೆ ಹಚ್ಚಿ ಎರೆದು, ಅಂಟಿನುಂಡಿ ತಿನ್ನಿಸುವ ಹಳೆಯ ಬಾಣಂತನಕ್ಕೆ ವೈದ್ಯರು ತಕರಾರು ತೆಗೆಯುತ್ತಾರೆ. ಹೊಗೆಯ ವಿಷಯದಲ್ಲಿ ತೆಗೆಯಲೇಬೇಕು. ಆದರೆ ಅದರೊಳಗೊಂದು ಮದ್ದಿತ್ತು, ಹಡೆದವ್ವ ಪಕ್ಕದಲ್ಲೇ ಇರುತ್ತಿದ್ದಳು. ಈಗ ಆ ಹಡೆದವ್ವನೂ ಯಾವುದೋ ಊರಲ್ಲಿ ಕಬ್ಬು ಕಡಿಯುತ್ತಿರುತ್ತಾಳೆ.

ಸರ್ಕಾರ ಕೈಕಟ್ಟಿ ಕೂತಿಲ್ಲ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಹೋಗಬೇಕು. ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟವಿದೆ. ಆದರೆ ಎಲ್ಲವೂ ಒಂದು ಊರಿಗೆ, ಒಂದು ಬಾಗಿಲಿಗೆ ಕಟ್ಟಿ ಹಾಕಿದ್ದು. ಊರು ಬಿಟ್ಟವಳ ಕೈಯಲ್ಲಿ ಉಳಿಯುವುದು ತಾಯಿ ಕಾರ್ಡ್ ಒಂದೇ. ಗೋವಾದ ದವಾಖಾನೆಗಳು ನಮ್ಮವಕ್ಕಿಂತ ಚೆನ್ನಾಗಿದ್ದಾವು. ಆದರೆ ಆಶಾ ಯೋಜನೆಯನ್ನು ತನ್ನದಾಗಿಸಿಕೊಳ್ಳದ ರಾಜ್ಯ ಅದು. ತಗಡಿನ ಶೆಡ್ಡಿನ ಬಾಗಿಲಿಗೆ ಬಂದು ‘ಹೆಂಗದೀಯವ್ವಾ’ ಎನ್ನುವವರು ಅಲ್ಲಿ ಯಾರು?

ಇಲ್ಲಿಯಾದರೂ ಆ ಆರು ಭೇಟಿಗಳಲ್ಲಿ ಹೆಚ್ಚು ವಿಚಾರಣೆ ಕೂಸಿನದೇ: ತೂಕ, ಹೊಕ್ಕುಳು, ಮೈಬಿಸಿ. ತಾಯಿಯ ಮನಸ್ಸನ್ನು ಕೇಳಲು ದೊಡ್ಡ ಯಂತ್ರವೇನೂ ಬೇಡ. 1987ರಲ್ಲೇ ಬಂದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಕನ್ನಡದಲ್ಲೂ ಇದೆ. ಲಂಬಾಣಿ ಮಾತಾಡುವವಳಿಗೆ ತಾಂಡಾದ ಆಶಾಳೇ ಅದನ್ನು ತಮ್ಮ ಮಾತಿನಲ್ಲಿ ಕೇಳಬಹುದು. ಕಾಯಿಲೆ ಜೋರಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಾರ್ಡ್ 2009ರಿಂದ ಇದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಪುಕ್ಕಟೆಯಾಗಿ, ಯಾವ ರಾಜ್ಯದಿಂದಲಾದರೂ ಕರೆ ಮಾಡಬಹುದು. ಫೋನು ಗಂಡನ ಕಿಸೆಯಲ್ಲಿರುತ್ತದೆ ಎಂಬುದು ಬೇರೆ ಮಾತು.

ಜಿಲ್ಲಾ ಆರೋಗ್ಯ ಇಲಾಖೆಯನ್ನು ನಾವು ಕೇಳುವುದು ಇಷ್ಟೇ. ಗುಳೆ ಹೊರಡುವ ಮೊದಲು ಪ್ರತಿ ಬಾಣಂತಿಗೂ ಈ ಹತ್ತು ಪ್ರಶ್ನೆ ಕೇಳಿಸಿ. ಉತ್ತರವನ್ನೂ, ಹೋಗುವ ಊರನ್ನೂ ತಾಯಿ ಕಾರ್ಡಿನ ಮೇಲೆ ಬರೆಸಿ. ಅಲ್ಲಿನ ದಾದಿಗೊಂದು ಫೋನು ಮಾಡಿಸಿ. ಗುಳೆಯ ಲಾರಿ ಎಂದು ಬರುತ್ತದೆ ಎಂಬುದು ತಾಂಡಾದ ಆಶಾಗೆ ವಾರ ಮೊದಲೇ ಗೊತ್ತಿರುತ್ತದೆ.