ಅಟ್ಟದ ಮೇಲಿನ ಕ್ಯಾಸೆಟ್ಟುಗಳು

ಪರದೇಶದಲ್ಲಿ ನೆಲೆಸಲು ಹೊರಟ ಸಂಸಾರವು ಮನೆಯನ್ನು ಖಾಲಿ ಮಾಡುವಾಗ ಹೆಚ್ಚಿನ ಸಾಮಾನುಗಳ ಗತಿ ಬೇಗನೆ ನಿರ್ಧಾರವಾಗಿಬಿಡುತ್ತದೆ. ಮಂಚ, ಬೀರುಗಳು ಕೊಳ್ಳುವವರ ಪಾಲಿಗೆ. ಹಿತ್ತಾಳೆಯ ಕೊಳಗ ನಾದಿನಿಯ ಮನೆಗೆ. ಹಳೆಯ ಪತ್ರಿಕೆಗಳು ರದ್ದಿಯವನ ತಕ್ಕಡಿಗೆ. ಎಲ್ಲವೂ ಮುಗಿಯಿತೆನ್ನುವಷ್ಟರಲ್ಲಿ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಒಳಗೆ ಮೂವತ್ತು, ನಲವತ್ತು ವಿಡಿಯೊ ಕ್ಯಾಸೆಟ್ಟುಗಳು: ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶ. ಎಸೆಯಲು ಗೃಹಿಣಿಗೆ ಮನಸ್ಸಿಲ್ಲ. ಒಯ್ಯಲು ಯಜಮಾನರಿಗೆ ಧೈರ್ಯವಿಲ್ಲ. ಅವನ್ನು ತೋರಿಸುತ್ತಿದ್ದ ಯಂತ್ರವು ಕೆಟ್ಟು ಎಷ್ಟೋ ವರ್ಷಗಳಾಗಿವೆ. “ಸದ್ಯಕ್ಕೆ ಅಣ್ಣನ ಮನೆಯಲ್ಲಿರಲಿ, ಮುಂದಿನ ಸಲ ಬಂದಾಗ ನೋಡಿದರಾಯಿತು” ಎಂಬ ಮಾತಿನೊಡನೆ ಪೆಟ್ಟಿಗೆ ಒಂದು ಅಟ್ಟದಿಂದಿಳಿದು ಇನ್ನೊಂದು ಅಟ್ಟವನ್ನೇರುತ್ತದೆ.

ಯಾರನ್ನೂ ನೋಯಿಸದ ಈ ತೀರ್ಮಾನವೇ ಎಲ್ಲಕ್ಕಿಂತ ಅಪಾಯಕರವಾದುದು. ಕ್ಯಾಸೆಟ್ಟು ತಾತನ ಕಾಲದ ಪುಸ್ತಕದಂತೆ ಬೇಕಾದಾಗ ತೆರೆದು ಓದಲು ಕಾದುಕೊಂಡಿರುವ ವಸ್ತುವಲ್ಲ. ಅದರೊಳಗಿರುವುದು ಅರ್ಧ ಅಂಗುಲ ಅಗಲದ, ನೂರಾರು ಅಡಿ ಉದ್ದದ ಪ್ಲಾಸ್ಟಿಕ್ ಪಟ್ಟಿ. ಅದರ ಮೈಗೆ ಕಬ್ಬಿಣದ ಆಕ್ಸೈಡಿನಂಥ ಕಾಂತೀಯ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಹಿಡಿಸಿರುತ್ತಾರೆ. ಚಿತ್ರವೂ ಧ್ವನಿಯೂ ನೆಲೆಸಿರುವುದು ಆ ಪುಡಿಯಲ್ಲಿ. ಅಂಟು ಗಾಳಿಯ ತೇವವನ್ನು ಹೀರಿ ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಪುಡಿ ಉದುರತೊಡಗುತ್ತದೆ. ಕಾರವಾರ, ಮಂಗಳೂರುಗಳ ಮಳೆಗಾಲವನ್ನು ಕಂಡ ಸುರುಳಿಗಳಾದರೆ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುವುದೂ ಉಂಟು. ಅಂಥದನ್ನು ಕುತೂಹಲ ತಡೆಯಲಾರದೆ ಯಂತ್ರಕ್ಕೆ ಹಾಕಿದರೆ ಬೂಷ್ಟು ಯಂತ್ರಕ್ಕೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಅಂಟಿಕೊಳ್ಳುತ್ತದೆ.

ಸುರುಳಿ ಉಳಿದರೂ ಯಂತ್ರ ಉಳಿಯಬೇಕಲ್ಲ! ಜಪಾನಿನ ಜೆ.ವಿ.ಸಿ. ಸಂಸ್ಥೆಯು ವಿ.ಎಚ್.ಎಸ್. ಪದ್ಧತಿಯನ್ನು ಪೇಟೆಗೆ ತಂದುದು 1976ರಲ್ಲಿ. ಭಾರತದಲ್ಲಿ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ ವರ್ಣ ದೂರದರ್ಶನವು ಬಂದ ಮೇಲೆ ಅದು ಮಧ್ಯಮವರ್ಗದ ಮನೆಗಳನ್ನೂ ಪ್ರವೇಶಿಸಿತು. ಮದುವೆ ಎಂದರೆ ವಾದ್ಯದವರಂತೆ ವಿಡಿಯೊದವರೂ ಬರಬೇಕೆಂಬುದು ರೂಢಿಯಾಯಿತು. ಕೊನೆಯವರೆಗೆ ಈ ಯಂತ್ರವನ್ನು ತಯಾರಿಸುತ್ತಿದ್ದ ಫುನಾಯ್ ಎಂಬ ಜಪಾನಿ ಕಂಪನಿ 2016ರ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಇಂಥ ಸುರುಳಿಗಳನ್ನು ಓದಬಲ್ಲ ಯಂತ್ರಗಳೂ ಬಿಡಿಭಾಗಗಳೂ 2025ರ ಸುಮಾರಿಗೆ ದುರ್ಲಭವಾಗಲಿವೆಯೆಂದು ಯುನೆಸ್ಕೊ ಮತ್ತು ಧ್ವನಿ ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿಯೇ ಎಚ್ಚರಿಸಿದ್ದವು. ಆ ಗಡುವು ಬಂದಾಗಿದೆ. ಈಗ ಉಳಿದಿರುವುದು ಹಳೆಯ ಯಂತ್ರಗಳು, ಅವನ್ನು ರಿಪೇರಿ ಮಾಡಬಲ್ಲ ಕೆಲವೇ ಕೈಗಳು.

ಹಾಗಾದರೆ ಎಲ್ಲವನ್ನೂ ಜೊತೆಗೇ ಒಯ್ಯಬಹುದಲ್ಲ ಎನ್ನುವವರುಂಟು. ಕ್ಯಾಸೆಟ್ಟೊಂದರ ತೂಕ ಸುಮಾರು 200 ಗ್ರಾಂ. ನಲವತ್ತಾದರೆ 8 ಕಿಲೋ. ಹಪ್ಪಳ ಸಂಡಿಗೆಗಳನ್ನು ತುಸು ಕಡಮೆ ಮಾಡಿದರೆ ತೂಕವೇನೋ ಸರಿಹೋದೀತು. ವಿಮಾನನಿಲ್ದಾಣದ ಎಕ್ಸ್-ರೇ ಕಿರಣಗಳಿಂದ ಚಿತ್ರ ಅಳಿಸಿಹೋಗುವುದೆಂಬ ಭಯಕ್ಕೂ ಆಧಾರವಿಲ್ಲ. ಇದಕ್ಕೆ ಶತ್ರುವೆಂದರೆ ಬಲವಾದ ಅಯಸ್ಕಾಂತ. ತೊಡಕಿರುವುದು ಬೇರೆ ಕಡೆಯಲ್ಲಿ. ಭಾರತದ ಕ್ಯಾಸೆಟ್ಟುಗಳು ಪಾಲ್ ಪದ್ಧತಿಯವು: ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಕೆನಡಾ, ಜಪಾನುಗಳಲ್ಲಿ ಬಳಕೆಯಲ್ಲಿದ್ದುದು ಎನ್.ಟಿ.ಎಸ್.ಸಿ.: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಅಲ್ಲಿಯ ಸಾಮಾನ್ಯ ಯಂತ್ರದಲ್ಲಿ ನಮ್ಮ ಕ್ಯಾಸೆಟ್ಟು ಸರಿಯಾಗಿ ಓಡದು. ಇಲ್ಲಿಯ ಯಂತ್ರವನ್ನೇ ಕೊಂಡೊಯ್ದರೆ ಅದು ಬೇಡುವ 230 ವೋಲ್ಟ್ ವಿದ್ಯುತ್ತು ಅಮೆರಿಕದ ಗೋಡೆಯಲ್ಲಿ ದೊರೆಯುವುದಿಲ್ಲ, ಅಲ್ಲಿರುವುದು 120. ಬ್ರಿಟನ್ನಿಗೋ ಆಸ್ಟ್ರೇಲಿಯಕ್ಕೋ ಹೊರಟವರಿಗೆ ಈ ಕಷ್ಟವಿಲ್ಲ; ಆದರೆ ಸುಸ್ಥಿತಿಯಲ್ಲಿರುವ ಯಂತ್ರವನ್ನು ಹುಡುಕುವ ಕಷ್ಟ ಅಲ್ಲಿಯೂ ತಪ್ಪಿದ್ದಲ್ಲ.

ಆದುದರಿಂದ ಸುರುಳಿಯಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸವನ್ನು ಹೊರಡುವ ಮೊದಲೇ, ಇಲ್ಲಿಯೇ ಮಾಡಿಸುವುದು ಲೇಸು. ಇದರಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಕ್ಯಾಸೆಟ್ಟನ್ನು ಇಳಿಸಲು ಮೂರು ಗಂಟೆಯೇ ಹಿಡಿಯುತ್ತದೆ; ನಲವತ್ತಕ್ಕೆ 120 ಗಂಟೆ. ಹಾಗಾಗಿ ಮೊದಲು ಆರಿಸಬೇಕು. ಬಾಡಿಗೆಯ ಅಂಗಡಿಯಿಂದ ತಂದು ನಕಲು ಮಾಡಿಕೊಂಡ ಚಲನಚಿತ್ರಗಳನ್ನೂ, ದೂರದರ್ಶನದಿಂದ ಹಿಡಿದಿಟ್ಟ ‘ರಾಮಾಯಣ’, ‘ಮಾಲ್ಗುಡಿ ಡೇಸ್’ಗಳನ್ನೂ ನಿಶ್ಚಿಂತೆಯಿಂದ ಬಿಟ್ಟುಬಿಡಬಹುದು, ಅವು ಇದಕ್ಕಿಂತ ಸ್ಪಷ್ಟವಾಗಿ ಬೇರೆಡೆ ಸಿಗುತ್ತವೆ. ಆದರೂ ಮೇಲಿನ ಚೀಟಿಯನ್ನು ಮಾತ್ರ ನಂಬಿ ಎಸೆಯಬಾರದು. ಖಾಲಿ ಕ್ಯಾಸೆಟ್ಟು ದುಬಾರಿಯಾಗಿದ್ದ ಆ ದಿನಗಳಲ್ಲಿ, ಸೀತಾಪಹರಣವು ಮುಗಿದ ಮೇಲಿನ ಜಾಗದಲ್ಲಿ ಮಗುವಿನ ಮೊದಲ ಹುಟ್ಟುಹಬ್ಬವನ್ನು ಹಿಡಿದಿಟ್ಟಿರುವುದು ಅಸಂಭವವಲ್ಲ. ಕೊನೆಯವರೆಗೆ ಓಡಿಸಿ ನೋಡಿಯೇ ಬಿಡಬೇಕು.

ಇನ್ನು ಉಳಿಯುವುವು ಮನೆಯವರ ಹೊರತು ಲೋಕದಲ್ಲಿ ಬೇರಾರ ಬಳಿಯೂ ಇಲ್ಲದ ಹತ್ತು ಹದಿನೈದು. ಆ ಕಾಲದ ಮದುವೆಯ ವಿಡಿಯೊಗಳಲ್ಲಿ ಮಂಟಪದ ಸದ್ದನ್ನು ತೆಗೆದು ಸಿನಿಮಾ ಹಾಡುಗಳನ್ನು ಜೋಡಿಸುವ ವಾಡಿಕೆಯಿದ್ದಿತು. ಅಜ್ಜಿ ಮದುಮಗಳ ಕಿವಿಯಲ್ಲಿ ಏನೋ ಹೇಳಿ ನಗುತ್ತಾರೆ. ಕೇಳಿಸುವುದು ಹಾಡು ಮಾತ್ರ. ಹೀಗಿರುವಲ್ಲಿ, ಯಾರೋ ಬಂಧುಗಳು ಕೈ ಕ್ಯಾಮರಾದಲ್ಲಿ ತೆಗೆದ, ಅಲುಗಾಡುವ, ಅರ್ಧಂಬರ್ಧದ ಕ್ಯಾಸೆಟ್ಟಿನಲ್ಲಿಯೇ ಗತಿಸಿದವರ ನಿಜವಾದ ಧ್ವನಿ ಉಳಿದಿರಬಹುದು. ಅಂದವಾಗಿ ಸಂಕಲಿಸಿದ ಮದುವೆಗಿಂತ ಮೊದಲು ಅದನ್ನು ಇಳಿಸಿಕೊಳ್ಳುವುದು ವಿವೇಕ.

ಇಳಿಸಿದಲ್ಲಿಗೆ ಕೆಲಸ ಅರ್ಧವಾಯಿತು, ಅಷ್ಟೆ. ಧಾರೆಯ ಹೊತ್ತಿನಲ್ಲಿ ಕಂಬಕ್ಕೊರಗಿ ನಿಂತ ವೃದ್ಧೆ ಯಾರು? ಪಂಕ್ತಿಯಲ್ಲಿ ಚಿರೋಟಿಯ ಮೇಲೆ ಹಾಲು ಬಡಿಸುತ್ತಿರುವ ಉತ್ಸಾಹಿ ತರುಣ ಯಾರು? ಹೊರಟಿರುವ ಮಗನಿಗೆ ಗೊತ್ತಿಲ್ಲ; ಸೊಸೆಗೆ ಗೊತ್ತಿರುವ ಸಂಭವವೇ ಇಲ್ಲ. “ಅವರು ನಿಮ್ಮ ತಂದೆಯ ಸೋದರತ್ತೆ, ಇವರನ್ನು ಓದಿಸಿದವರು ಅವರೇ. ಆ ಹುಡುಗ ನಮ್ಮ ವಠಾರದವನು, ಮೂರು ದಿನವೂ ಮನೆಯ ಮಗನಂತೆ ದುಡಿದ” ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವರಿಗೆ ಎಪ್ಪತ್ತೈದೋ ಎಂಬತ್ತೋ ಆಗಿರುತ್ತದೆ. ಸುರುಳಿಯ ಅಂಟಿಗೆ ಇನ್ನೂ ಕೆಲವು ವರ್ಷಗಳ ಆಯುಸ್ಸು ಇದ್ದೀತು. ಆ ನೆನಪಿಗೆ ಅಷ್ಟಿದೆಯೆಂದು ಯಾರೂ ಭರವಸೆ ಕೊಡಲಾರರು. ಅವರ ಪಕ್ಕದಲ್ಲಿ ಕುಳಿತು, ಎಷ್ಟನೆಯ ನಿಮಿಷದಲ್ಲಿ ಯಾರು, ಯಾವ ಊರಿನವರು, ಏನಾಗಬೇಕು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳದೆ ಹೋದರೆ, ಮುಂದೆ ಸಾಗರದಾಚೆ ಮೊಮ್ಮಕ್ಕಳಿಗೆ ಕಾಣಿಸುವುದು ರೇಷ್ಮೆ ಸೀರೆಗಳ ಗುಂಪೊಂದು ಮಾತ್ರ.

ಪೆಟ್ಟಿಗೆಯಲ್ಲಿ ಎಲ್ಲವೂ ಸಂತೋಷದ ನೆನಪೇ ಆಗಿರಬೇಕೆಂದಿಲ್ಲ. ಮುರಿದುಹೋದ ಸಂಬಂಧವೊಂದರ ಮದುವೆಯೂ ಅಲ್ಲಿರಬಹುದು. ತಂಗಿಯ ಮನಸ್ಸಿಗೆ ನೋವಾದೀತೆಂದು ಅಣ್ಣ ಅದನ್ನು ಗುಟ್ಟಾಗಿ ನಾಶಮಾಡುವುದೂ ತಪ್ಪು. ಉಳಿದವುಗಳೊಡನೆ ಸೇರಿಸಿ ಬಂಧುಗಳಿಗೆಲ್ಲ ಹಂಚುವುದೂ ತಪ್ಪು. ಅದು ಆಕೆಯ ಸ್ವತ್ತು. ಒಮ್ಮೆ ಏಕಾಂತದಲ್ಲಿ ಕೇಳಿದರೆ ಸಾಕು. ಆ ಮಂಟಪದಲ್ಲಿ ಕನ್ಯಾದಾನ ಮಾಡಿದ ತಂದೆ ಈಗ ಇಲ್ಲವೆಂಬ ಕಾರಣಕ್ಕೆ, ಆ ಒಂದು ಭಾಗವನ್ನಾದರೂ ಆಕೆ ಉಳಿಸಿಕೊಳ್ಳಬಯಸಿಯಾಳು.

ಇಳಿಸಿದ ಮೇಲೆ ಒಂದೇ ಪ್ರತಿಯನ್ನು ನೆಚ್ಚಬಾರದು. ಹೊರಡುವವರಲ್ಲಿ ಒಂದು, ಇಲ್ಲಿ ಉಳಿಯುವವರಲ್ಲಿ ಒಂದು, ಬೇರೊಂದು ಊರಿನ ಬಂಧುಗಳಲ್ಲಿ ಒಂದು, ಹೀಗೆ ಮೂರಿರಬೇಕು. ಡಿ.ವಿ.ಡಿ. ತಟ್ಟೆಯೂ ಚಿರಂಜೀವಿಯಲ್ಲ, ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡಿ ಹೊಸದಕ್ಕೆ ವರ್ಗಾಯಿಸುತ್ತಿರಬೇಕು. ಮೂಲ ಕ್ಯಾಸೆಟ್ಟುಗಳಲ್ಲಿ ಅಪರೂಪದವನ್ನು, ಇಟ್ಟುಕೊಳ್ಳಲು ತಾವಾಗಿ ಒಪ್ಪಿದವರಲ್ಲಿ, ಒಣಗಿದ ಜಾಗದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಬಿಡಬಹುದು. ಬೇಡವಾದವನ್ನು ಸುಡಬಾರದು, ಪ್ಲಾಸ್ಟಿಕ್ಕಿನ ಹೊಗೆ ವಿಷಕರ. ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರನ್ನು ವಿಚಾರಿಸಿ ಒಪ್ಪಿಸುವುದು ಕ್ರಮ.

ಪ್ರಯಾಣದ ದಿನ ಗೊತ್ತಾದೊಡನೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಎಲ್ಲ ಮನೆಗಳಲ್ಲಿಯೂ ಬರೆಯುತ್ತಾರೆ. ಆ ಪಟ್ಟಿಯ ತಲೆಯಲ್ಲಿ ಅಮ್ಮನ ನಾಲ್ಕು ಸಂಜೆಗಳನ್ನು ಕಾದಿರಿಸಿಕೊಳ್ಳಲಿ. ಪೆಟ್ಟಿಗೆಗಳನ್ನು ತೂಗುವುದು ಆಮೇಲೆ ಆದೀತು.